ಆರು ಡಯಲ್‌ಗಳ ಧೂಳು

ನಿನ್ನ ಎದೆಗೆ ಹೊಕ್ಕ ಧೂಳು ತವರಿನ ಮಗ್ಗದ್ದು ಎಂದು ಮೂರು ವರ್ಷದ ಹಿಂದೆ ಡಾಕ್ಟರು ಹೇಳಿದಾಗ ನಾನು ಹೌದೆಂದು ತಲೆಯಾಡಿಸಿದೆ, ಗೌರಾ. ಬೇರೊಂದು ಧೂಳು ನನಗೆ ಗೊತ್ತಿತ್ತು — ಗೊತ್ತಿದ್ದೂ ಮುಚ್ಚಿಟ್ಟೆ.

ಮುಧೋಳದ ಕಡೆಯ ಸಾವಕಾರರ ಹಳೆಯ ಎರಡು ಸೀಟಿನ ವಿಮಾನ ನಿನಗೆ ನೆನಪಿರಬೇಕು, ಕಬ್ಬಿನ ಹೊಲದ ನಡುವಿನ ಶೆಡ್ಡಿನಲ್ಲಿ ನಿಲ್ಲುತ್ತಿದ್ದುದು. ಪೈಲಟ್ ಮುಂದಿನ ಮೀಟರುಗಳ ಬಲ್ಬು ಮಂಕಾಗಿದ್ದವು. ಹೊಸ ಎಲ್‌ಇಡಿ ಕೂಡಿಸಿ ಅಂಕಿಗಳನ್ನು ಬಿಳಿ ಬಣ್ಣದಲ್ಲಿ ಬರೆದುಕೊಡಬೇಕು ಎಂದು ಜಮಖಂಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ನನ್ನನ್ನು ಕರೆಸಿದರು. ಗಡಿಯಾರದವನಿಗೆ ವಿಮಾನದ ಕೆಲಸ! ಬಜಾರಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮೀಟರುಗಳ ಆರು ಡಯಲ್ ಬಿಚ್ಚಿ ಕೊಡುವಾಗ ಅಲ್ಲಿನ ಮುದುಕ ಮೆಕ್ಯಾನಿಕ್ ನನ್ನ ಕೈ ಹಿಡಿದುಕೊಂಡ. "ತಮ್ಮಾ, ಲೈಟ್ ಅಷ್ಟ ಬದಲ ಮಾಡು. ಹಳೇ ಅಂಕಿ ಮ್ಯಾಲೆ ಕತ್ತಲದಾಗ ಹೊಳಿಯೋ ಬಣ್ಣ ಐತಲ್ಲ, ಅದನ್ನ ಕೆರೀಬ್ಯಾಡ. ಖರೇ ರೇಡಿಯಂ ಐತಿ, ವಿಷ. ಧೂಳ ಎದಿಯೊಳಗ ಹೋತಂದ್ರ ಹೊಳ್ಳಿ ಬರಂಗಿಲ್ಲ."

ಕೆರೆಯದೆ ಹೊಸ ಅಂಕಿ ನಿಲ್ಲುತ್ತಿರಲಿಲ್ಲ. ಅಂಥ ನಯದ ಕೆಲಸಕ್ಕೆ ನನ್ನ ಕೈಯ ಹಿಡಿತ ಆಗಲೇ ತಪ್ಪಿತ್ತು — ಅದನ್ನು ಸಾವಕಾರರಿಗೆ ಹೇಳಲಾರದೆ ಡಯಲ್‌ಗಳನ್ನು ನಿನ್ನ ಮುಂದಿಟ್ಟೆ. ಬನಹಟ್ಟಿಯ ನೇಕಾರರ ಮಗಳು ನೀನು. ನಿನ್ನ ಬೆರಳು ಒಂದು ಎಳೆಯಷ್ಟೂ ತಪ್ಪುತ್ತಿರಲಿಲ್ಲ. ನಾಲ್ಕು ಮಧ್ಯಾಹ್ನ ನೀನು ಸೂಜಿಯಿಂದ ಕೆರೆದೆ, ಬಾಯಿಂದ ಊದಿದೆ, ಸೆರಗಿನಿಂದ ಒರೆಸಿದೆ. "ಎಷ್ಟ ಸಣ್ಣ ಪುಡಿ ರೀ ಇದು, ಹಿಟ್ಟಿನಂಗ!" ಎಂದು ನಕ್ಕೆ. ನಾನು ಕಿಟಕಿಯ ಹತ್ತಿರ ಸರಿದು ಕೂತಿದ್ದೆ. ಹೇಳಿದ್ದರೆ ನೀನು ಸೂಜಿ ಕೆಳಗಿಡುತ್ತಿದ್ದೆ. ಅದಕ್ಕೇ —

ಎಷ್ಟೋ ವರ್ಷದ ಮೇಲೆ ನಿನಗೆ ಕೆಮ್ಮು ಹತ್ತಿತು. ನಾಲ್ಕು ಹೆಜ್ಜೆಗೆ ಉಸಿರು ಸಾಲದಾಯಿತು. "ಧೂಳಿನ ಕೆಲಸ ಏನರ ಮಾಡೀರೇನ್ರಿ?" ಎಂದು ಡಾಕ್ಟರು ಕೇಳಿದರೆ, "ಮಗ್ಗದ ಮನ್ಯಾಗ ಬೆಳದೇನ್ರಿ" ಎಂದೆ ನೀನು. "ಮತ್ತೇನೂ ಇಲ್ಲಲ್ರೀ?" ಎಂದು ಅವರು ನನ್ನತ್ತ ತಿರುಗಿದರು.

"ಇಲ್ರೀ" ಎಂದೆ.

ಸುದ್ದಿ ತಿಳಿದು ನಿನ್ನ ಅಪ್ಪ ಬಂದರು, ನಿನ್ನ ಕಾಲ ಬಳಿ ಕೂತರು. "ನನ್ನ ಮಗ್ಗ ನಿನ್ನ ಎದಿ ತಿಂತವ್ವಾ" — ಅಷ್ಟೇ ಹೇಳಿದ್ದು. ಮರುವಾರ ಮಗ್ಗ ಬಿಚ್ಚಿಸಿದರು. ಕೆಲಸವಿಲ್ಲದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಎರಡು ವರ್ಷ ಬದುಕಿದರು. ಅವರನ್ನು ಹೊರುವಾಗ ಮುಂದಿನ ಹೆಗಲು ನನ್ನದೇ ಆಗಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಯಾವ ಧೂಳು ನಿನ್ನನ್ನು ಹಿಡಿಯಿತೋ ಖಚಿತವಾಗಿ ಯಾರೂ ಹೇಳಲಾರರೇನೋ. ಆ ಅನುಮಾನದ ಹಿಂದೆ ಅಡಗಿಕೊಳ್ಳಲು ನೋಡಿದೆ — ಆಗಲಿಲ್ಲ. ಸೋಮವಾರ ಡಾಕ್ಟರ ಮುಂದೆ, ನೀನು ಪಕ್ಕದಲ್ಲಿರುವಾಗಲೇ, ಎಲ್ಲ ಹೇಳುತ್ತೇನೆ. ಅದರಿಂದ ಔಷಧ ಬದಲಾದೀತೋ ಇಲ್ಲವೋ ತಿಳಿಯದು. ದವಾಖಾನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ನೀನು ನನ್ನ ತೋಳು ಹಿಡಿದೇ ನಡೆಯಬೇಕು. ಹಿಡಿಯಲು ನಿನಗೆ ಮನಸ್ಸಾಗಲಿಕ್ಕಿಲ್ಲ. ಬೇರೆ ತೋಳೂ ಇಲ್ಲ.