ಶರಣಪ್ಪನಿಗೆ ಕೊಡದ ಎರಡು ಅಂಕ

೧೯೯೮ರಲ್ಲಿ ನಾನು ಪುಣೆಯ ಒಂದು ಖಾಸಗಿ ಭಾಷಾ ಸಂಸ್ಥೆಯಲ್ಲಿ ಫ್ರೆಂಚ್ ಅಧ್ಯಾಪಕನಾಗಿದ್ದೆ. ಪಿಂಪ್ರಿಯ ಕಾರ್ಖಾನೆಯೊಂದಕ್ಕೆ ಫ್ರಾನ್ಸಿನಿಂದ ಹೊಸ ಯಂತ್ರ ಬರುವುದಿತ್ತು. ಅದರ ಕೆಲಸ ಕಲಿಯಲು ಒಬ್ಬನನ್ನು ಮೂರು ತಿಂಗಳು ಅಲ್ಲಿಗೆ ಕಳಿಸುತ್ತಾರೆ, ಹಿಂದಿರುಗಿದವನೇ ಆ ವಿಭಾಗದ ಫೋರ್‌ಮನ್ ಎಂದು ತೀರ್ಮಾನವಾಗಿತ್ತು. ಆರು ಜನರನ್ನು ನನ್ನ ಸಂಜೆಯ ತರಗತಿಗೆ ಸೇರಿಸಿದರು. ಮೌಖಿಕ ಪರೀಕ್ಷೆಯಲ್ಲಿ ಐವತ್ತಕ್ಕೆ ಇಪ್ಪತ್ತೈದು ಬಂದವರ ಹೆಸರು ಮಾತ್ರ ಮುಂದೆ ಹೋಗುತ್ತಿತ್ತು.

ಅವರಲ್ಲಿ ಶರಣಪ್ಪ ಗುಲಬರ್ಗಾ ಕಡೆಯ ಫಿಟ್ಟರ್. ಹದಿನೈದು ವರ್ಷ ಯಂತ್ರಗಳನ್ನೇ ಬಿಚ್ಚಿ ಜೋಡಿಸಿದವನು. ಕ್ರಿಯಾಪದಗಳನ್ನು ಸಿಲಬಲ್‌ಗಳಾಗಿ, ಅಂದರೆ ಉಚ್ಚಾರದ ತುಂಡುಗಳಾಗಿ ಒಡೆದು ಹೇಳಿಸುವುದು ನನ್ನ ಪಾಠಕ್ರಮ. ‘ನಾವು ಮಾತಾಡುತ್ತೇವೆ’ ಎನ್ನುವ ರೂಪ ಪಾರ್-ಲೋಂ, ಎರಡು ತುಂಡು. ‘ಅವರು ಮಾತಾಡುತ್ತಾರೆ’ ಎನ್ನುವಾಗ ಕೊನೆಯಲ್ಲಿ ಮೂರು ಅಕ್ಷರ ಹೆಚ್ಚಿಗೆ ಬರೆದರೂ ಹೇಳುವುದು ಒಂದೇ ತುಂಡು, ಪಾರ್ಲ್. ಬರೆದಂತೆ ಓದುವ ನಮ್ಮ ನಾಲಿಗೆ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

“ಬರೆದದ್ದನ್ನ ನುಂಗಿಬಿಡ್ರಿ ಅಂದ್ರ ಹೆಂಗ್ರಿ ಸರ್?” ಎನ್ನುತ್ತಿದ್ದ ಶರಣಪ್ಪ. ಆದರೂ ಬೆರಳಿನಿಂದ ಬೆಂಚು ಬಡಿದು ತುಂಡು ಎಣಿಸುತ್ತ, ಶಿಫ್ಟ್ ಮುಗಿಸಿ ಬಂದ ದಣಿವಿನಲ್ಲೂ ಒಂದು ದಿನ ತಪ್ಪಿಸಲಿಲ್ಲ.

ಪರೀಕ್ಷೆಯಲ್ಲಿ ಅವನಿಗೆ ಇಪ್ಪತ್ಮೂರು ಬಂತು. ಸ್ಟೋರ್ಸ್ ವಿಭಾಗದ ಒಬ್ಬ ಮರಾಠಿಯವನಿಗೂ ಅಷ್ಟೇ. ಉಳಿದ ನಾಲ್ವರು ಹತ್ತಿರವೂ ಸುಳಿಯಲಿಲ್ಲ. ಎರಡು ಅಂಕದ ಕೊರತೆ ಇದ್ದರೆ ಗ್ರೇಸ್ ಕೊಟ್ಟು ತುಂಬುವುದು ನಮ್ಮಲ್ಲಿ ರೂಢಿ. ಸ್ಟೋರ್ಸಿನವನಿಗೆ ಯೋಚಿಸದೆ ಕೊಟ್ಟೆ. ಶರಣಪ್ಪನ ಸರದಿ ಬಂದಾಗ ಜೊತೆಗಿದ್ದ ಪರೀಕ್ಷಕಿ ನಕ್ಕು, “ತುಮಚ್ಯಾ ಗಾವ್‌ಚಾ ನಾ? ದ್ಯಾ ಕೀ ದೋನ್ ಮಾರ್ಕ್” ಎಂದರು. ನಿಮ್ಮೂರಿನವನಲ್ಲವೇ, ಕೊಟ್ಟುಬಿಡಿ ಎಂದು. ಆಕೆಯ ಮಾತಿನಲ್ಲಿ ಕೊಂಕಿರಲಿಲ್ಲ. ನನಗೆ ಮಾತ್ರ ಚುಚ್ಚಿತು. ಕನ್ನಡದವನೆಂದು ಪಾಸು ಮಾಡಿದ ಎಂಬ ಮಾತು ನಾಳೆ ಸ್ಟಾಫ್ ರೂಮಿನಲ್ಲಿ ಹುಟ್ಟೀತೆಂದು ಹೆದರಿ, ಇಪ್ಪತ್ಮೂರನ್ನೇ ಬರೆದು ಸಹಿ ಹಾಕಿದೆ.

ಇಬ್ಬರಿಗೂ ಒಂದೇ ಅಂಕ ಬಂದದ್ದು ಶರಣಪ್ಪನಿಗೆ ಹೇಗೋ ತಿಳಿಯಿತು. ಮಾರನೆಯ ವಾರ ಬಂದು ನಿಂತೇ ಹೇಳಿದ: “ನೀವು ನಮ್ಮವರು ಅಂತ ಭಾಳ ಧೈರ್ಯ ಇತ್ರಿ ಸರ್. ಬ್ಯಾರೆಯವರ ಕಡೆ ಕಲತಿದ್ರ ಪಾಸ್ ಆಗತಿದ್ದೆ.”



ಸ್ಟೋರ್ಸಿನವನು ಫ್ರಾನ್ಸಿಗೆ ಹೋಗಿ ಬಂದು ಫೋರ್‌ಮನ್ ಆದ. ಯಂತ್ರ ಕೆಟ್ಟಾಗಲೆಲ್ಲ ಶರಣಪ್ಪನನ್ನೇ ಕರೆಯುತ್ತಾನೆಂದು ಮುಂದಿನ ಬ್ಯಾಚಿನವರು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ.

ನಿವೃತ್ತಿಯ ಸಮಾರಂಭದಲ್ಲಿ ನನ್ನನ್ನು ‘ಎಂದೂ ಪಕ್ಷಪಾತ ಮಾಡದವರು’ ಎಂದು ಹೊಗಳಿ ಶಾಲು ಹೊದಿಸಿದರು. ಬೇರೆಯವನಿಗೆ ಕೊಟ್ಟದ್ದನ್ನು ನಮ್ಮವನಿಗೆ ಕೊಡದಿರುವುದೂ ಪಕ್ಷಪಾತವೇ ಎಂದು ಈ ವೃತ್ತಿ ನನಗೆ ಕಲಿಸಿತು. ಆ ಪಾಠಕ್ಕೆ ಬೆಲೆ ತೆತ್ತವನು ಶರಣಪ್ಪ.