ಮಡಿಚಿದ ಪುಟದ ಮಾತು ಬಲ್ಲ ಶಿವರಾಜು

“ಏನ್ಲಾ ಮುದ್ಯಾ, ಕಂಡೋರ್ ಎಂಡ್ರ ಕೈಲಿ ಪುಸ್ತಕದೊಳ್ಗೆ ಸನ್ನೆ ಮಾಡುಸ್ಕೊಂಡು ಬದುಕ್ತೀಯಲ್ಲ, ನಾಚ್ಕೆ ಆಗಲ್ವೇನ್ಲಾ ನಿಂಗೆ?”

ಸೋಮವಾರ, ಬೆಳಗಿನ ಐದೂಮುಕ್ಕಾಲು. ಭಾರತೀನಗರದ ಬಸ್ ನಿಲ್ದಾಣದ ಎದುರು, ಅಪ್ಪುವಿನ ಟೀ ಹೋಟೆಲಿನ ಮುಂದೆ ಗಾರ್ಮೆಂಟ್ಸ್ ವ್ಯಾನಿಗೆ ಕಾದು ನಿಂತ ಮೂವತ್ತು ಹೆಂಗಸರ ನಡುವೆ ಈ ಮಾತು ಬೀಳುತ್ತದೆ. ಅಂದವನು ಅಂಬರೀಶ್. ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ, ವಯಸ್ಸು ಮೂವತ್ತು ದಾಟಿಲ್ಲ. ಅನ್ನಿಸಿಕೊಂಡವರು ಶಿವರಾಜು, ಐವತ್ನಾಲ್ಕು ವರ್ಷ. ಮೊಪೆಡ್ಡಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಊರೂರಿಗೆ ಹೋಗಿ ಪ್ರೇಮ ಕಾದಂಬರಿಗಳನ್ನು ವಾರದ ಬಾಡಿಗೆಗೆ ಕೊಡುವವರು. ಅಂಬರೀಶನ ಕೈಯಲ್ಲಿರುವುದೂ ಆ ಪೆಟ್ಟಿಗೆಯದೇ ಪುಸ್ತಕ. ನಡುವಿನ ಒಂದು ಪುಟದ ಮೂಲೆ ಮಡಿಚಿದೆ. ಮಡಿಚಿದವಳು ಅವನ ಹೆಂಡತಿ ಕುಸುಮ. ಅವಳೂ ಅಲ್ಲೇ, ಊಟದ ಡಬ್ಬಿ ಎದೆಗವಚಿಕೊಂಡು ನೆಲ ನೋಡುತ್ತ ನಿಂತಿದ್ದಾಳೆ. (ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.)

“ಈ ಪುಟ ಯಾಕ್ ಮಡ್ಚವ್ಳೆ? ಏನ್ ಏಳವ್ಳೆ ನಿಂಗೆ? ಬೊಗಳು.”

ಶಿವರಾಜು ಪೆಟ್ಟಿಗೆಯೊಳಗಿನ ಪುಸ್ತಕಗಳನ್ನು ಜೋಡಿಸುತ್ತಲೇ ಇರುತ್ತಾರೆ. ಅಪ್ಪು ಟೀ ಸೋಸುವುದನ್ನು ಬಿಟ್ಟು ಹೊರಗೆ ಬರುತ್ತಾನೆ. “ಸಿವರಾಜಣ್ಣ, ನನ್ ವ್ಯಾಪಾರ ಕೆಡ್ತದೆ. ಬರೋ ಸೋಮಾರ ಇವನ್ಗೆ ಒಂದ್ ಉತ್ರ ಕೊಟ್ಬುಡು. ಇಲ್ದಿದ್ರೆ ನಿನ್ ಪೆಟ್ಟಿಗೆ ಬ್ಯಾರೆ ಕಡೆ ಇಟ್ಕೊ, ತಪ್ ತಿಳ್ಕೊಬ್ಯಾಡ” ಅನ್ನುತ್ತಾನೆ. ವ್ಯಾನು ಬರುತ್ತದೆ. ಆವತ್ತು ಒಬ್ಬಳೂ ಪುಸ್ತಕ ತೆಗೆದುಕೊಳ್ಳುವುದಿಲ್ಲ.

ಹನ್ನೊಂದು ವರ್ಷದಿಂದ ಶಿವರಾಜು ಪೆಟ್ಟಿಗೆ ತೆರೆಯುವುದು ಇದೇ ಹೋಟೆಲಿನ ಜಗುಲಿಯಲ್ಲಿ. ವ್ಯಾನು ನಿಲ್ಲುವುದು ಇಲ್ಲೇ ಆದ್ದರಿಂದ ಅವರ ಅರ್ಧ ಓದುಗರು ಸಿಗುವುದೂ ಇಲ್ಲೇ. ಈ ಜಾಗ ಹೋದರೆ ಅವರ ಕೆಲಸ ಅರ್ಧ ಹೋದಂತೆ.

ಇನ್ನು ಆ ಮಡಿಕೆಯ ವಿಷಯ. ಬೇರೆ ಗ್ರಂಥಾಲಯಗಳಲ್ಲಿ ಪುಟ ಮಡಿಚಿದರೆ ಬೈಸಿಕೊಳ್ಳಬೇಕು. ಶಿವರಾಜು ಅವರ ಪುಸ್ತಕದಲ್ಲಿ ಮಡಿಚದಿದ್ದರೆ ಬೈಸಿಕೊಳ್ಳಬೇಕು. ಓದುವಾಗ ಎಲ್ಲಿ ಮನಸ್ಸು ತಡೆಯಿತೋ ಆ ಪುಟದ ಮೂಲೆ ಮಡಿಚಿ ವಾಪಸು ಕೊಡುವುದು ಇಲ್ಲಿಯ ರೂಢಿ. ಮಡಿಕೆಯಲ್ಲಿ ಮೂರು ಬಗೆ. ಒಂದು ಹಿಡಿಸಿತು ಅಂತ, ಒಂದು ಅಳು ಬಂತು ಅಂತ, ಇನ್ನೊಂದು ಹೊಟ್ಟೆ ಉರಿಯಿತು ಅಂತ. “ಯಾವ್ದುಕ್ಕೆ ಯಾವ್ದು ಅಂತ ಮಾತ್ರ ಬರೀಬ್ಯಾಡ ಕಣಪ್ಪ” ಎಂದು ಕೇಳಿಕೊಂಡಿದ್ದಾರೆ. ಬರೆಯುತ್ತಿಲ್ಲ. ಮನೆಗೆ ಹೋಗಿ ಮಡಿಕೆ ನೋಡಿ, ಮುಂದಿನ ವಾರ ಆ ಹೆಂಗಸಿಗೆ ಯಾವ ಪುಸ್ತಕ ಹೊಂದುತ್ತದೆ ಎಂದು ತೆಗೆದಿಟ್ಟು, ಮೂಲೆಯನ್ನು ಬೆರಳಿನಿಂದ ಉಜ್ಜಿ ನೆಟ್ಟಗೆ ಮಾಡುತ್ತಾರೆ. ಇದನ್ನು ಅಂಬರೀಶ್ ಗುಟ್ಟಿನ ಕಾಗದ ಅಂದುಕೊಂಡಿದ್ದಾನೆ.

ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಎಂಬತ್ತು ಪುಸ್ತಕ ಹಿಡಿಯುತ್ತವೆ. ಮನೆಯಲ್ಲಿ ಇನ್ನೂ ನಾನೂರು ಇವೆ. ಮಂಡ್ಯದಲ್ಲಿ ಬಾಡಿಗೆ ಪುಸ್ತಕದ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷ ದುಡಿದವರು ಇವರು. ಅಂಗಡಿ ಮುಚ್ಚಿದಾಗ ಮಾಲೀಕರು ಸಂಬಳದ ಬದಲು ಪುಸ್ತಕ ಕೊಟ್ಟು ಕಳಿಸಿದರು. ಅವತ್ತಿನಿಂದ ಸೋಮವಾರ ಭಾರತೀನಗರ, ಮಂಗಳವಾರ ಪೂರಿಗಾಲಿ, ಬುಧವಾರ ಕಿರುಗಾವಲು, ಗುರುವಾರ ಮಳವಳ್ಳಿ, ಶುಕ್ರವಾರ ಮದ್ದೂರು. ಮಳೆ ಬಂದರೆ ಪೆಟ್ಟಿಗೆಗೆ ಟಾರ್ಪಾಲು, ತಲೆಗೆ ಗೊಬ್ಬರದ ಚೀಲ.

ಪ್ರೇಮ ಎಂದರೆ ಒಂದೇ ಬಗೆ ಅಂದುಕೊಂಡವರು ಈ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಬೇಕು. ರಟ್ಟಿನ ತುಂಡಿನ ಮೇಲೆ ಅವರೇ ಬರೆದ ಹೆಸರುಗಳು: ಅತ್ತೆಮನೆ ಪ್ರೇಮ, ಆಸ್ಪತ್ರೆ ಪ್ರೇಮ, ಕಾಲೇಜು, ರಾಜರ ಕಾಲದ್ದು, ದೆವ್ವದ್ದು, ಎರಡನೇ ಮದುವೆ, ಜಗಳಗಂಟರದು. ಎಲ್ಲವನ್ನೂ ಓದಿದ್ದಾರೆ, ಕೆಲವನ್ನು ನಾಲ್ಕು ಸಲ.

ಮದ್ದೂರಿನಲ್ಲಿ ರಂಜಿತ ಎಂಬ ಹುಡುಗಿ ಬರುತ್ತಾಳೆ, ಹೊಲಿಗೆ ಲೈನಿನಲ್ಲಿ ಕಾಲರ್ ಕೂರಿಸುವವಳು. “ಅಣ್ಣ, ಈ ಸಲ ಅಳೋದು ಬ್ಯಾಡ. ಅಳ್ಸಕ್ಕೆ ನಮ್ ಸೂಪರ್‌ವೈಸರ್ರೇ ಸಾಕು.”

“ಅಂಗಾರೆ ಜಗಳಗಂಟ್ರುದು ತಗೊ. ನೂರೈವತ್ತು ಪುಟ ಕಿತ್ತಾಡ್ತಾರೆ, ಆಮೇಲೆ ಮದ್ವೆ.”

“ಆಮೇಲೆ?”

“ಆಮೇಲೂ ಕಿತ್ತಾಡ್ತಾರೆ ಕಣವ್ವ. ಅದ್ಕೇ ಚೆನ್ನಾಗದೆ.”

ಕಿರುಗಾವಲಿನ ಚಿಕ್ಕಬೋರಮ್ಮನಿಗೆ ಎಪ್ಪತ್ತು ದಾಟಿದೆ, ಓದಲು ಬರುವುದಿಲ್ಲ. ಮೊಮ್ಮಗಳು ಓದಿ ಹೇಳುತ್ತಾಳೆ, ಎಲ್ಲಿ ಮಡಿಚಬೇಕೆಂದು ಅಜ್ಜಿ ಅಪ್ಪಣೆ ಕೊಡುತ್ತದೆ. ರಾಜರ ಕಾಲದ್ದೇ ಬೇಕು. “ಆ ರಾಣಿಗೆ ಕೆಲ್ಸ ಇಲ್ಲ ಬೊಗ್ಸೆ ಇಲ್ಲ, ಅದ್ಕೆ ಪ್ರೀತಿ ಬಂತು. ನಂಗೆ ನಾಕ್ ದಿನ ರಾಗಿ ಬೀಸದು ತಪ್ಪಿದ್ರೆ ನಂಗೂ ಬರ್ತಿತ್ತು ಕಣ್ಲಾ ಸಿವರಾಜ” ಅಂತ ಬೊಚ್ಚುಬಾಯಿ ಬಿಟ್ಟು ನಗುತ್ತದೆ.

ಈ ಪುಸ್ತಕಗಳನ್ನು ಕಸ ಅನ್ನುವವರಿದ್ದಾರೆ. ಮಂಡ್ಯದ ಒಂದು ಸಮಾರಂಭದಲ್ಲಿ ಶಾಲು ಹೊದ್ದ ದೊಡ್ಡವರೊಬ್ಬರು ಮೈಕಿನಲ್ಲೇ ಅಂದರು, ಹೆಂಗಸರು ಪ್ರೇಮದ ಗೊಬ್ಬರ ಓದಿ ಕೆಡುತ್ತಿದ್ದಾರೆ ಅಂತ. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಮೈ ಉರಿದುಹೋಯಿತು. ಹತ್ತು ಗಂಟೆ ಹೊಲಿದು, ಬಂದು ಮುದ್ದೆ ತೊಳಸಿ, ಪಾತ್ರೆ ಬೆಳಗಿ, ಉಳಿದ ಇಪ್ಪತ್ತು ನಿಮಿಷದಲ್ಲಿ ಎಂಟು ಪುಟ ಓದುವ ಹೆಂಗಸಿಗಿಂತ ದೊಡ್ಡ ಓದುಗರು ಆ ವೇದಿಕೆಯ ಮೇಲೆ ಯಾರಿದ್ದರು? ಆ ಶಾಲಿನವರು ಬರೆದ ಪುಸ್ತಕದ ಮೂಲೆಯನ್ನು ಯಾರಾದರೂ ಒಂದು ಸಲವಾದರೂ ಮಡಿಚಿದ್ದಾರೆಯೇ?

ಇಷ್ಟು ಹೊಗಳುತ್ತಿದ್ದೇನೆ ಎಂದು ನನಗೆ ಇವರ ಮೇಲೆ ಬರೀ ಗೌರವ ಅಂದುಕೊಳ್ಳಬೇಡಿ. ಹೊಟ್ಟೆಕಿಚ್ಚೂ ಇದೆ, ಸುಳ್ಳು ಯಾಕೆ ಹೇಳಲಿ. ನಮ್ಮೂರು ಪೂರಿಗಾಲಿ. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಓದುವ ಚಟ ಹತ್ತಿದ್ದು ಬೋಂಡ ಕಟ್ಟಿಕೊಟ್ಟ ಪೇಪರಿನಿಂದ. ನಮ್ಮವ್ವ ಯಶೋದಮ್ಮ ಆರನೇ ಕ್ಲಾಸಿನವರೆಗೆ ಓದಿದ್ದಾಳೆ, ಎಂಟು ವರ್ಷದಿಂದ ಶಿವರಾಜು ಪೆಟ್ಟಿಗೆಯ ಗಿರಾಕಿ. ಮಂಗಳವಾರ ಬಾಗಿಲಲ್ಲಿ ನಿಂತು ಇವರ ಹತ್ತಿರ ಅರ್ಧ ಗಂಟೆ ಮಾತಾಡುತ್ತಾಳೆ. ಯಾವನೋ ಕಾದಂಬರಿಯ ಡಾಕ್ಟರು ಯಾವಳಿಗೋ ಮೋಸ ಮಾಡಿದ್ದಕ್ಕೆ ಕೈ ಬೀಸಿ ಬೀಸಿ ಬೈಯುತ್ತಾಳೆ, ನಗುತ್ತಾಳೆ. ನಾನು ಒಳಗೆ ಹೆಜ್ಜೆ ಇಟ್ಟರೆ “ಉಂಡ್ಯೇನ್ಲಾ?” ಅಷ್ಟೇ. ಒಂದು ಸಲ ಅವಳು ಓದಿ ಮುಗಿಸಿದ ಪುಸ್ತಕ ತೆಗೆದು ನೋಡಿದೆ. ಒಂಬತ್ತು ಕಡೆ ಮಡಿಚಿದ್ದಳು. ಯಾವುದಕ್ಕೆ ಅತ್ತಳು, ಯಾವುದಕ್ಕೆ ಉರಿದುಕೊಂಡಳು ಎಂದು ಅವಳ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲ. ಮೊಪೆಡ್ಡಿನಲ್ಲಿ ಬಂದುಹೋಗುವವರಿಗೆ ಗೊತ್ತು.

ಕೇಳಿಯೂ ಕೇಳಿದೆ. ಶಿವರಾಜು ಗಾಡಿಗೆ ಕಿಕ್ ಹೊಡೆಯುತ್ತ ಅಂದರು, “ಅವ್ವನ್ನೇ ಕೇಳಪ್ಪ. ಮನೇಲೇ ಅವ್ರೆ ಅಲ್ವಾ.”

ಆ ಸೋಮವಾರ ಅಲ್ಲೇ ಇದ್ದ ನನಗೆ ಅಂಬರೀಶನ ಮೇಲೆ ಅಷ್ಟು ಸಿಟ್ಟು ಬಂದದ್ದೂ ಇದಕ್ಕೇ. ಅವನ ಸಂಕಟ ನನಗೆ ಚೆನ್ನಾಗಿ ಗೊತ್ತು.

ಹೊಟ್ಟೆಕಿಚ್ಚು ಶಿವರಾಜು ಅವರ ಮನೆಯನ್ನೂ ಬಿಟ್ಟಿಲ್ಲ. ಅವರ ಹೆಂಡತಿ ಕವಿತ ಪುಸ್ತಕ ಮುಟ್ಟುವವರಲ್ಲ. “ಎರಡ್ ತಾಲೂಕಿನ್ ಎಂಗಸ್ರಿಗೆ ಏನಿಷ್ಟ ಅಂತ ಇವ್ರಿಗ್ ಗೊತ್ತು. ನಂಗೇನಿಷ್ಟ ಅಂತ ಕೇಳು, ಏಳ್ಲಿ ನೋಡಾನ” ಎಂದು ನನ್ನ ಮುಂದೆಯೇ ಸವಾಲು ಹಾಕುತ್ತಾರೆ.

“ಉರುಳಿಕಾಳು ಬಸ್ಸಾರು” ಅನ್ನುತ್ತಾರೆ ಶಿವರಾಜು.

“ಅದು ನಿಮ್ಗಿಷ್ಟ!”

ನಗು ನಿಂತ ಮೇಲೆ, ಅಂಬರೀಶನಿಗೆ ಏನೋ ಒಂದು ಹೇಳಿ ಜಾಗ ಉಳಿಸಿಕೊಳ್ಳಬಾರದೇ ಎಂದು ಕೇಳುತ್ತೇನೆ. ಶಿವರಾಜು ಹಳೆಯದೊಂದು ತಪ್ಪನ್ನು ಹೇಳಿಕೊಳ್ಳುತ್ತಾರೆ. ಮಳವಳ್ಳಿಯ ಒಂದು ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಇವರಿಂದ ಪುಸ್ತಕ ತರಿಸಿಕೊಳ್ಳುತ್ತಿದ್ದರು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲದಂತೆ. ಒಂದು ದಿನ ಅತ್ತೆಗೆ ಪುಸ್ತಕ ಕೊಡುವಾಗ ಇವರು ಹುಮ್ಮಸ್ಸಿನಲ್ಲಿ, ತುಂಬ ಚೆನ್ನಾಗಿದೆಯಮ್ಮ, ನಿಮ್ಮ ಸೊಸೆಯೂ ಇದನ್ನೋದಿ ಅತ್ತಿದ್ದಾರೆ ಅಂದುಬಿಟ್ಟರು. ಆಕೆ ಕನ್ನಡಕ ತೆಗೆದು ಕೇಳಿದರಂತೆ, “ನಮ್ಮನೇಲಿ ಅಳೋವಂಥದ್ದು ಅವಳಿಗೇನಾಗಿದೆಯಪ್ಪ?”

“ಮುಂದುಲ್ ಗುರುವಾರ ಆ ಮನೆತಾವ್ಕೆ ಓದೆ. ಆ ಸೊಸೆ ಹುಡ್ಗಿ ಕಿಟಕೀಲಿ ನಿಂತಿತ್ತು. ನನ್ನ ನೋಡಿ ಕಿಟಕಿ ಬಾಗ್ಲು ಮುಚ್ಕೊಳ್ತು. ಅವಳತ್ರ ಇದ್ದ ಪುಸ್ತಕನ ಹೂವಿನೋರ ಕೈಲಿ ವಾಪ್ಸ್ ಕಳ್ಸಿದ್ಲು. ಒಂದ್ ಪುಟನೂ ಮಡ್ಚಿರ್ನಿಲ್ಲ. ನಾನ್ ಒಳ್ಳೇದು ಅಂದ್ಕೊಂಡೇ ಏಳ್ದೆ ಕಣಪ್ಪ. ಅವಳಿಗೆ ಇದ್ದಿದ್ದು ಅದೊಂದ್ ಜಾಗ, ನಾನ್ ಕಿತ್ಕೊಂಡೆ.” ಆಮೇಲೆ ಸೇರಿಸುತ್ತಾರೆ, “ಅವತ್ತಿಂದ ಒಬ್ರ ಮಡಿಕೆ ಇನ್ನೊಬ್ರಿಗೆ ಏಳಿಲ್ಲ. ಕವಿತಂಗೂ ಏಳಿಲ್ಲ.”

ಏನಾದರೂ ಆಸೆ ಇದೆಯೇ ಎಂದರೆ, “ನೂರ್ ಪುಸ್ತಕದ್ ಬೈಂಡು ಬುಟ್ಟೋಗದೆ, ಅದೊಂದ್ ಆಗ್ಬೇಕು. ದೆವ್ವದ್ದು ಸಾಲ್ತಾ ಇಲ್ಲ, ವಸಿ ತರ್ಬೇಕು” ಅನ್ನುತ್ತಾರೆ.

ಮತ್ತೆ ಸೋಮವಾರ ಬರುತ್ತದೆ. ಅದೇ ಜಗುಲಿ, ಅದೇ ಹೆಂಗಸರು. ಶಿವರಾಜು ಪೆಟ್ಟಿಗೆಯ ಹಗ್ಗ ಬಿಚ್ಚಿಲ್ಲ. ಅಂಬರೀಶ್ ಬರುತ್ತಾನೆ. ಕೂಗಾಡಲು ಬಂದಿದ್ದಾನೆ ಅಂದುಕೊಂಡು ನಾನು ಮುಷ್ಟಿ ಬಿಗಿ ಹಿಡಿಯುತ್ತೇನೆ. ಅವನು ಕೂಗುವುದಿಲ್ಲ. ಪುಸ್ತಕವನ್ನು ಜಗುಲಿಯ ಮೇಲಿಟ್ಟು, ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ ಮಾತಾಡುತ್ತಾನೆ.

“ಅಣ್ಣ, ಅವತ್ತು ಬೈದಿದ್ದು ತಪ್ಪೇ ಆಯ್ತು. ಆ ಪುಟನ ವಾರ್ದಿಂದ ಓದ್ತಾವ್ನಿ. ನಂಗೇನೂ ತಿಳಿತಾ ಇಲ್ಲ. ಅವಳ್ನ ನಾನ್ ಒಡಿಯಲ್ಲ, ಬೈಯಲ್ಲ. ಕೈ ಮುಗಿತೀನಿ. ನಂಗೆ ಏಳ್ದೆ ಇದ್ದುದ್ನ ನಿಂಗೇನ್ ಏಳವ್ಳೆ?”

“ಏಳ್ಬುಡಣ್ಣ, ಇಷ್ಟು ಕೇಳ್ಕೊತಾವ್ನೆ” ಅನ್ನುತ್ತಾನೆ ಅಪ್ಪು. “ಒಂದ್ ಮಾತು. ಆಮೇಲೆ ಈ ಜಾಗ ನಿಂದೇ.”

ಕುಸುಮ ನಾಲ್ಕು ಮಾರು ದೂರದಲ್ಲಿದ್ದಾಳೆ. ಇವತ್ತು ನೆಲ ನೋಡುತ್ತಿಲ್ಲ, ಶಿವರಾಜು ಮುಖವನ್ನೇ ನೋಡುತ್ತಿದ್ದಾಳೆ. ಉಳಿದ ಹೆಂಗಸರೂ ವ್ಯಾನಿನ ದಾರಿ ನೋಡುವುದನ್ನು ಬಿಟ್ಟು ಇತ್ತ ತಿರುಗಿದ್ದಾರೆ. ಅವರೆಲ್ಲರ ಮಡಿಕೆಗಳೂ ಆ ಒಂದು ತಲೆಯೊಳಗಿವೆ.

ಶಿವರಾಜು ಎದ್ದು ನಿಲ್ಲುತ್ತಾರೆ. ಅಂಬರೀಶನ ಹೆಗಲನ್ನು ಒಮ್ಮೆ ಮುಟ್ಟುತ್ತಾರೆ. ಜಗುಲಿಯ ಮೇಲಿನ ಪುಸ್ತಕವನ್ನು ತೆರೆಯದೆ ಹಾಗೇ ಪೆಟ್ಟಿಗೆಗೆ ಕಟ್ಟಿದ ಹಗ್ಗದ ಸಂದಿಗೆ ತುರುಕಿ, ಮೊಪೆಡ್ಡಿನ ಸ್ಟ್ಯಾಂಡ್ ಒದ್ದು, ಗಾಡಿಯನ್ನು ತಳ್ಳಿಕೊಂಡು ಮದ್ದೂರು ರಸ್ತೆಯ ಕಡೆ ನಡೆಯುತ್ತಾರೆ. ಅಪ್ಪು ಹಿಂದಿನಿಂದ ಎರಡು ಸಲ ಹೆಸರು ಹಿಡಿದು ಕೂಗುತ್ತಾನೆ. ಅವರು ತಿರುಗಿ ನೋಡುವುದಿಲ್ಲ.