ಕಂಬ ನೆಟ್ಟ ಕಣ

ಬೂದಿಕೋಟೆ ಕಡೆಯ ಆ ಹಳ್ಳಿಯಲ್ಲಿ ಜಯರಾಮಪ್ಪನಿಗೆ ದೊಡ್ಡ ಹೊಲವೇನೂ ಇರಲಿಲ್ಲ. ಆದರೆ ಊರಿಗೆಲ್ಲ ಇದ್ದ ಒಂದೇ ಕಣ ಅವನದು. ಸುಗ್ಗಿ ಬಂತೆಂದರೆ ಅವನ ಗತ್ತು ನೋಡಬೇಕಿತ್ತು. ತಲೆಗೆ ಟವೆಲ್ ಸುತ್ತಿ, ಇವತ್ತು ಯಾರ ರಾಗಿ, ನಾಳೆ ಯಾರದು ಎಂದು ಹೇಳುವವನು ಅವನೇ. ಒಬ್ಬರ ಒಕ್ಕಣೆಗೆ ಮಿಕ್ಕವರೆಲ್ಲ ಮುಯ್ಯಿಗೆ ಬರುತ್ತಿದ್ದರು. ಇವತ್ತು ಅವರ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ಅವರು. ಕಣಕ್ಕೆ ಬಂದವರನ್ನು ಬರಿಗೈಲಿ ಕಳಿಸಬಾರದೆಂದು, ಬೇಡಲು ಬಂದ ದಾಸಯ್ಯನಿಗೂ ಅವನೇ ಮೊರದ ತುಂಬ ರಾಗಿ ಹಾಕಿಸುತ್ತಿದ್ದ. ಕೊಡುವುದು ಮಂದಿಯ ರಾಗಿ, ಹೆಸರು ಮಾತ್ರ ಜಯರಾಮಪ್ಪನದು! ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ರಾಬರ್ಟ್‌ಸನ್‌ಪೇಟೆಯಿಂದ ಡ್ರ್ಯಾಗನ್ ಹಣ್ಣಿನ ಸಸಿ ಮಾರುವ ಸುಧಾಕರ್ ಬಂದ. ಅದೂ ಕಳ್ಳಿಯ ಜಾತಿಯೇ. ಕಲ್ಲುಕಂಬಕ್ಕೆ ಕಟ್ಟಿದರೆ ಹಬ್ಬಿ ಕೆಂಪು ಹಣ್ಣು ಬಿಡುತ್ತದೆ. "ವರ್ಷಕ್ಕೊಂದು ತಿಂಗಳ ಒಕ್ಕಣೆಗೆ ಇಷ್ಟು ನೆಲ ಖಾಲಿ ಬಿಟ್ಟಿದ್ದೀರಲ್ಲ" ಎಂದ. ಜಯರಾಮಪ್ಪನಿಗೂ ಹೌದೆನಿಸಿತು. ಕಣದ ತುಂಬ ಕಂಬ ನಿಂತವು.

ಪಕ್ಕದ ಹೊಲದ ಅಮ್ಮಾಜಮ್ಮ ಓಡಿ ಬಂದಳು. "ಅಣ್ಣಾ, ಒಂದು ಮೂಲೆನಾದ್ರೂ ಬಿಡು. ರಾಗಿ ಎಲ್ಲಿ ಒಕ್ಕೋಣ?"

"ಟಾರ್ ರೋಡ್ ಐತಲ್ಲಮ್ಮ. ಹಾಸಿದ್ರೆ ಬಸ್ಸು ಲಾರೀನೇ ತುಳಿದು ಒಕ್ಕಾಕ್ತವೆ. ನೀನು ಮೈ ನೋಯಿಸ್ಕೊಳ್ಳೋದೇ ಬ್ಯಾಡ."

ಹಾಗೆಂದು ನಕ್ಕೂಬಿಟ್ಟ, ಪುಣ್ಯಾತ್ಮ. ಆ ವರ್ಷ ರೋಡಿನಲ್ಲೇ ಒಕ್ಕಿ, ಅಮ್ಮಾಜಮ್ಮನ ಮನೆಯ ಮುದ್ದೆಯಲ್ಲಿ ಕಲ್ಲು. ಮರುವರ್ಷವೂ ಕಲ್ಲು. ಬೇಸತ್ತು ಅವಳೂ ಕಂಬ ನೆಟ್ಟಳು, ಅವಳ ಹಿಂದೆ ಊರೂ ನೆಟ್ಟಿತು. ರಾಗಿ ಹೋಯಿತು, ರಾಗಿಯ ಹಿಂದೆ ಹುಲ್ಲು, ಹುಲ್ಲಿಲ್ಲದೆ ಹಸು. ಹಣ್ಣೇನೋ ಚೆನ್ನಾಗಿಯೇ ಬಂತು, ಸುಳ್ಳೇಕೆ ಹೇಳಬೇಕು? ಆದರೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡುವುದು ಈಗ ಕೂಲಿಗೆ ಮಾತ್ರ. ಸುಗ್ಗಿಯ ತಿಂಗಳಲ್ಲಿ ಜಯರಾಮಪ್ಪನ ಬಾಗಿಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅವತ್ತು ತಾನು ನಕ್ಕದ್ದು ನೆನಪಾದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈ ಸಲ ಮುಂಗಾರಿಗೆ ಮುಂಚೆಯೇ, ಕಾಯಿಬಿಡುತ್ತಿದ್ದ ತನ್ನ ಕಳ್ಳಿಯನ್ನು ಕಡಿದು, ಕಂಬ ಕೀಳಿಸಿ, ನೀರು ಚಿಮುಕಿಸಿ, ಕಲ್ಲಿನ ಗುಂಡು ಉರುಳಿಸಿ ನೆಲ ಗಟ್ಟಿ ಮಾಡಿದ. ಸಾರಿಸುವ ಸಗಣಿಗೆ ಪಕ್ಕದೂರಿಗೆ ಹೋಗಬೇಕಾಯಿತು. ಎಲ್ಲ ಮುಗಿಸಿ, ಕಳ್ಳಿ ಕಟ್ಟುತ್ತಿದ್ದ ಅಮ್ಮಾಜಮ್ಮನ ಮುಂದೆ ಹೋಗಿ ನಿಂತ.

"ಕಣ ಸಾರ್ಸಿದ್ದೀನಮ್ಮ. ನೀನು ಒಂದಿಷ್ಟು ರಾಗಿ ಬಿತ್ತು. ಮೊದಲ ಒಕ್ಕಣೆ ನಿಂದೇ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

"ಈ ಕಂಬದ ಮಧ್ಯೆ ಎಲ್ಲಿ ಬಿತ್ಲಣ್ಣ? ನಮ್ಮನೇಲಿ ಈಗ ರೇಷನ್ ರಾಗಿ. ಅದನ್ನ ಒಕ್ಕೋಕೆ ಕಣ ಯಾಕೆ?"

ಜಯರಾಮಪ್ಪ ಹೊರಟ. ಸಾರಿಸಿದ ಕಣದ ಪಕ್ಕ ಹಾದುಹೋಗಲಾರದೆ, ರಸ್ತೆ ಸುತ್ತಿಕೊಂಡು ಮನೆಗೆ ಹೋದ.